ಮೊದಲ ಕಾದಂಬರಿಗೆ ಮುಂಚೆ ಇನ್ನೆಷ್ಟು ಓದಬೇಕು?

ಇನ್ನು ಓದಬೇಡಿ. ಕೆಲಸವನ್ನೂ ಬಿಡಬೇಡಿ. ಚಿಕ್ಕಂದಿನಿಂದ ಓದ್ತಾ ಬಂದಿದ್ದೀನಿ, ಒಂದು ವರ್ಷ ಕೆಲಸ ಬಿಟ್ಟು ಇನ್ನಷ್ಟು ಓದಿಕೊಂಡು ಚಿತ್ರದುರ್ಗದ ಪಾಳೆಗಾರರ ಮೇಲೆ ಮೊದಲ ಕಾದಂಬರಿ ಬರೀಲಾ ಅಂತ ಕೇಳಿದ್ದೀರಿ. ಇದೇ ಲೆಕ್ಕಾಚಾರ ಹಾಕಿಕೊಂಡು ನಾನೂ ಕೂತಿದ್ದೆ.

ನಾನು ಬರೆದಿದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ, ಅಂದರೆ ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯೋ ಒಲೆಗಳ ಮೇಲೆ. 14 ತಿಂಗಳಿಗೆ 61,000 ಪದ ಆಯ್ತು. ಅದರಲ್ಲಿ ಸುಮಾರು 40,000 ಪದ ತೆಗೆದುಹಾಕಿ ಮತ್ತೆ ಬರೆಯೋಕೆ ಇನ್ನೂ ಒಂಬತ್ತು ತಿಂಗಳು ಹೋಯ್ತು. ಕಥೆ ಕೆಟ್ಟಿತ್ತು ಅಂತಲ್ಲ. ಓದಿ ಓದಿ ಬಂದಿದ್ದ ಭಾಷೆಯನ್ನ ನನ್ನದೇ ಭಾಷೆ ಅಂದುಕೊಂಡಿದ್ದೆ, ನಷ್ಟ ಮಾಡಿದ್ದು ಅದೊಂದೇ.

ಒಂದು ಸಾಲು ತೋರಿಸ್ತೀನಿ. ಭಟ್ಟಿ ನಡೆಸೋ ಹೆಂಗಸು ಅಕ್ಕಿ ವ್ಯಾಪಾರಿ ಹತ್ತಿರ ಬರ್ತಾಳೆ. ಮೊದಲ ಕರಡಿನಲ್ಲಿ ಹೀಗಿತ್ತು:

"ಅಕ್ಕಿ ಮುಗಿಯುತ್ತಾ ಬಂದಿದೆಯಲ್ಲ, ನಾಳೆ ಏನು ಮಾಡುವುದು?" ಎಂದು ಆಕೆ ಆತಂಕದಿಂದ ಕೇಳಿದಳು.

ವ್ಯಾಕರಣ ಸರಿಯಿದೆ, ಓದೋಕೂ ತೊಂದರೆಯಿಲ್ಲ. ಆದರೆ ಬೆಳಗಿನ ಜಾವದಿಂದ ಕಾದ ಮರಳಿನ ಮುಂದೆ ನಿಂತವಳು ಹೀಗೆ ಮಾತಾಡಲ್ಲ. ಭಟ್ಟಿ ಓಣಿಯಲ್ಲೇ ಬೆಳೆದ ಪರಿಚಯದವರೊಬ್ಬರಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಈ ಯಮ್ಮ ಯಾವೂರವಳು?" ಆಮೇಲೆ ತಿದ್ದಿದ ಸಾಲು:

"ಅಕ್ಕಿ ತೀರೈತೆ ಸಾವ್ಕಾರ್ರೆ. ನಾಳೆ ಭಟ್ಟ್ಯಾಗೆ ನನ್ ತಲಿ ಹುರೀಲಾ?"

ಇಲ್ಲಿ ಏನಾಯ್ತು ನೋಡಿ. 'ಆತಂಕದಿಂದ' ಅನ್ನೋದು ಬಿದ್ದುಹೋಯ್ತು, ಯಾಕಂದ್ರೆ ಆಕೆಗೆ ಈಗ ಇರೋದು ಸಿಟ್ಟು. ಸಿಟ್ಟಿರೋ ಹೆಂಗಸು ಮುಂದಿನ ಅಧ್ಯಾಯದಲ್ಲಿ ಅದೇ ವ್ಯಾಪಾರಿ ಹತ್ತಿರ ಕೈಮುಗಿದು ಸಾಲ ಕೇಳೋಕಾಗಲ್ಲ. ಸಾಲ ತಗೊಳ್ಳದಿದ್ದರೆ ಮಗನ ಓದು ನಿಲ್ಲೋ ಪ್ರಸಂಗ ಬೇರೆ ದಾರಿಯಲ್ಲಿ ಬರಬೇಕು. ಒಂದು ಮಾತು ಬದಲಾದದ್ದಕ್ಕೆ ಮೂರು ಅಧ್ಯಾಯ ಕುಸಿದವು. ಸಂಭಾಷಣೆಯನ್ನ ಕೊನೆಗೆ ತಿದ್ದಿಕೊಂಡರಾಯ್ತು ಅಂತ ಹೇಳೋರ ಮಾತು ಕೇಳಬೇಡಿ. ಪಾತ್ರದ ಸ್ವಭಾವ ಇರೋದೇ ಅದರ ಮಾತಿನಲ್ಲಿ. ಅದು 61,000ನೇ ಪದದಲ್ಲಿ ಸಿಕ್ಕರೆ ಹಿಂದಿನದೆಲ್ಲ ಬೇರೆ ಯಾರದೋ ಕಥೆ ಆಗಿರುತ್ತೆ. ಮೊದಲ 3,000 ಪದದೊಳಗೇ ಸಿಗಬೇಕು.

ಜಾಸ್ತಿ ಓದಿದವರಿಗೇ ಈ ಕಾಯಿಲೆ ಬರೋದು. ಓದೋದು ಕಣ್ಣಿನ ಕೆಲಸ. ವರ್ಷಗಟ್ಟಲೆ ಅಚ್ಚಿನಲ್ಲಿ ನೋಡಿದ ಪದಗಳು ಪೆನ್ನು ಹಿಡಿದ ಕೂಡಲೇ ತಾವೇ ಮುಂದೆ ಬರ್ತವೆ. ನಿಟ್ಟುಸಿರು, ಮುಗುಳ್ನಗೆ, ಕಣ್ಣಂಚಿನ ನೀರು, 'ಕ್ಷಣಕಾಲ ಮೌನ ಆವರಿಸಿತು', ಎಲ್ಲ ಬಂದು ಸಾಲಾಗಿ ನಿಲ್ತವೆ. ನನ್ನ ಕರಡಿನಲ್ಲಿ 'ನಿಟ್ಟುಸಿರು' 43 ಸಲ ಇತ್ತು. ಹುಡುಕಿ ಎಣಿಸೋವರೆಗೂ ಗೊತ್ತೇ ಇರಲಿಲ್ಲ. ಅಂಥ ಪದ ನನಗೆ ಹೊಳೆದದ್ದಲ್ಲ, ನೆನಪಾದದ್ದು. ಇನ್ನೂ ಒಂದು ವರ್ಷ ಓದಿದರೆ ಈ ದಾಸ್ತಾನು ಇನ್ನೂ ಬೆಳೆಯುತ್ತೆ ಅಷ್ಟೆ.

ಹಾಗಾಗಿ ಹೊಸ ಪುಸ್ತಕ ಮುಚ್ಚಿಡಿ, ಮೂರು ನಾಲ್ಕು ಸಲ ಓದಿ ಮುಗಿಸಿರೋ ಒಂದೇ ಒಂದು ಕಾದಂಬರಿ ತಗೊಳ್ಳಿ. 200 ಪುಟದ ಆಸುಪಾಸಿನದ್ದು ಸಾಕು. ಪೆನ್ಸಿಲ್ ಮತ್ತು ಉದ್ದ ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಅಧ್ಯಾಯಕ್ಕೂ ಒಂದೊಂದು ಸಾಲು: ಯಾರಿಗೆ ಏನು ಬೇಕು, ಯಾರು ಅಡ್ಡ, ಎಷ್ಟು ಪುಟ, ಹಿಂದಿನ ಅಧ್ಯಾಯಕ್ಕೂ ಇದಕ್ಕೂ ನಡುವೆ ಎಷ್ಟು ದಿನ ಹಾರಿದೆ, ಸಂಭಾಷಣೆ ಅರ್ಧಕ್ಕಿಂತ ಹೆಚ್ಚಾ ಕಮ್ಮಿನಾ. ಎರಡು ವಾರದ ಕೆಲಸ. ಕಥೆ ಗೊತ್ತಿರೋದರಿಂದ ಮುಂದೇನು ಅನ್ನೋ ಸೆಳೆತ ಇರಲ್ಲ, ಕಟ್ಟಿರೋ ಬಗೆ ಕಣ್ಣಿಗೆ ಬೀಳುತ್ತೆ. ಒಳ್ಳೆ ಕಾದಂಬರಿಕಾರರು ಪಾತ್ರವನ್ನ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆಸಿಕೊಂಡು ಹೋಗಲ್ಲ, ಬಸ್ಸಿನೊಳಗೇ ಕೂರಿಸಿ ಶುರು ಮಾಡ್ತಾರೆ. ಇಷ್ಟು ಸಣ್ಣ ವಿಷಯ ನೂರು ಪುಸ್ತಕ ಓದಿದರೂ ನನ್ನ ತಲೆಗೆ ಹತ್ತಿರಲಿಲ್ಲ, ಒಂದನ್ನ ಹೀಗೆ ಬಿಚ್ಚಿದಾಗ ಹತ್ತಿತು.

ಕಿವಿಗೆ ಬೇರೆ ಅಭ್ಯಾಸ ಬೇಕು. ಎಪಿಎಂಸಿ, ಹಳೇ ಬಸ್ ಸ್ಟ್ಯಾಂಡು, ಖಾರ ಮಂಡಕ್ಕಿ ಮಿರ್ಚಿ ಅಂಗಡಿ, ನಿಮ್ಮ ಪಾತ್ರಗಳು ಓಡಾಡೋ ಜಾಗದಲ್ಲಿ ಅರ್ಧ ಗಂಟೆ ಕೂತು ಕೇಳಿಸಿಕೊಳ್ಳಿ. ರೆಕಾರ್ಡ್ ಮಾಡಬೇಡಿ. ಅವರ ಒಪ್ಪಿಗೆ ಇಲ್ಲದೆ ಮಾಡೋದು ತಪ್ಪು, ಒಪ್ಪಿಗೆ ಕೇಳಿ ಮಾಡಿದರೆ ಮಾತು ಬಿಗಿಯಾಗುತ್ತೆ. ಮನೆಗೆ ಬಂದು ಒಂದು ಗಂಟೆಯೊಳಗೆ ನೆನಪಿರೋಷ್ಟು ಬರೆದುಕೊಳ್ಳಿ. ನಾಲ್ಕರಿಂದ ಆರು ಪದದ ವಾಕ್ಯಗಳೇ ಜಾಸ್ತಿ ಇರ್ತವೆ, ಕೇಳಿದ ಪ್ರಶ್ನೆಗೆ ನೇರ ಉತ್ತರ ಅಪರೂಪ. ಬರೆಯುವಾಗ ಎಲ್ಲವನ್ನೂ ಆಡಿದ ಹಾಗೇ ಇಳಿಸೋಕೆ ಹೋಗಬೇಡಿ, ಹತ್ತು ಪುಟಕ್ಕೆ ಓದುಗ ಸುಸ್ತಾಗ್ತಾನೆ. ಕ್ರಿಯಾಪದದ ಕೊನೆ, 'ಐತೆ', 'ಹಂಗೆ', 'ಭಟ್ಟ್ಯಾಗೆ' ಥರದ ನಾಲ್ಕೈದು ಗುರುತು ಹಿಡಿದುಕೊಂಡು ಕೊನೆವರೆಗೂ ಒಂದೇ ಥರ ಬಳಸಿ. ನಿರೂಪಣೆ ಸಾದಾ ಬರಹದ ಕನ್ನಡದಲ್ಲೇ ಇರಲಿ. ಭಟ್ಟಿ ಓಣಿಗಳಲ್ಲಿ ಮನೆಮಾತು ಉರ್ದು ಆಗಿರೋರು ಬಹಳ ಜನ. ಅವರ ಕನ್ನಡದ ಲಯವೇ ಬೇರೆ, ಅದನ್ನ ಅಣಕ ಮಾಡಿದ ಹಾಗೆ ಬರೆದರೆ ಆ ಪಾತ್ರವನ್ನ ನೀವೇ ಕೊಂದ ಹಾಗೆ.

ಇನ್ನು ಪಾಳೆಗಾರರ ವಿಷಯ. ನಮ್ಮ ಕಡೆ ಓದೋ ಚಟ ಇರೋರಿಗೆಲ್ಲ ಮೊದಲ ಆಸೆ ಆ ಕೋಟೆಯೇ. ಮಲೆಬೆನ್ನೂರಿನಲ್ಲಿ ಹುಟ್ಟಿದ ಕಾದಂಬರಿಕಾರ ತರಾಸು ಆ ಕಾಲವನ್ನ ನಮ್ಮ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕೂರಿಸಿದ್ದಾರೆ ಅಂದ್ರೆ, ಮದಕರಿನಾಯಕ ಬಾಯಿ ಬಿಟ್ಟರೆ ಅವರ ವಾಕ್ಯವೇ ಹೊರಗೆ ಬರುತ್ತೆ. ಕೋಟೆ ಹೈದರಾಲಿ ಕೈಗೆ ಬಿದ್ದದ್ದು 1779ರಲ್ಲಿ. ಆ ಕಾಲದ ಮಾತು ಕೇಳಿದವರು ಯಾರೂ ಇಲ್ಲ, ಹಾಗಾಗಿ ಎರವಲು ಭಾಷೆ ಬಿಟ್ಟರೆ ನಿಮಗೆ ಗತಿ ಇರಲ್ಲ. ಎರಡನೇ ಕಾದಂಬರಿಗೆ ಇಟ್ಟುಕೊಳ್ಳಿ. ಮೊದಲನೆಯದು ನಿಮ್ಮ ಕಿವಿಗೆ ಬಿದ್ದ ಮಾತಿನದ್ದಾಗಲಿ.

ಕೆಲಸ ಬಿಡಬೇಡಿ ಅಂದೆ. ಲೆಕ್ಕ ಸರಳ. ದಿನಕ್ಕೆ 400 ಪದ, ವಾರಕ್ಕೆ ಐದು ದಿನ, 25 ವಾರಕ್ಕೆ 50,000. ಡೆಮಿ ಅಷ್ಟದಳ ಆಕಾರದಲ್ಲಿ (ಕಾದಂಬರಿಗಳ ಮಾಮೂಲಿ ಅಳತೆ) ಒಂದು ಪುಟಕ್ಕೆ ಸುಮಾರು 220 ಪದ ಹಿಡಿಯುತ್ತೆ, ಅಂದರೆ 225 ಪುಟದ ಹತ್ತಿರ. ಬೆಳಗ್ಗೆ ಐದೂಕಾಲರಿಂದ ಆರೂವರೆ ಸಾಕು. ಪ್ರಸಂಗ ಮುಗಿಸಿ ಏಳಬೇಡಿ, ನಡುವೆ ನಿಲ್ಲಿಸಿ. ಮರುದಿನ ಖಾಲಿ ಹಾಳೆ ಎದುರಿಗಿರಲ್ಲ. ಮೊದಲ 10 ಪುಟ ಆದ ಕೂಡಲೇ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಾಲಿಗೆ ಎಡವಿದ ಕಡೆ ಪೆನ್ಸಿಲ್ ಗೆರೆ ಹಾಕಿ. ಆ ಊರು, ಆ ಕಸುಬು ಗೊತ್ತಿರೋ ಒಬ್ಬರಿಗೆ ಓದಿ ಹೇಳಿದ ಮೇಲೆಯೇ 11ನೇ ಪುಟ.

ಕಾಲದ ಪಟ್ಟಿಗೆ ಬೇರೆ ನೋಟ್‌ಬುಕ್ ಇರಲಿ. ನನ್ನ ಪಾತ್ರವೊಂದು 1992ರಲ್ಲಿ 'ದಾವಣಗೆರೆ ಜಿಲ್ಲೆ' ಅಂದಿತ್ತು. ಜಿಲ್ಲೆ ಆದದ್ದೇ 1997ರ ಆಗಸ್ಟ್ 15ಕ್ಕೆ, ಅಲ್ಲಿವರೆಗೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ದುರ್ಗಾಂಬಿಕೆ ಜಾತ್ರೆಯನ್ನ ಒಂದರ ಹಿಂದೊಂದು ವರ್ಷ ಮಾಡಿಸಿಬಿಟ್ಟಿದ್ದೆ, ಅದು ನಡೆಯೋದು ಎರಡು ವರ್ಷಕ್ಕೊಮ್ಮೆ. ಊರಿನವರು ಇಂಥ ತಪ್ಪು ಕಂಡ ಪುಟದಲ್ಲೇ ಪುಸ್ತಕ ಮುಚ್ಚಿಬಿಡ್ತಾರೆ.

ಟೈಪ್ ಮಾಡೋದಾದರೆ ಯೂನಿಕೋಡಿನಲ್ಲೇ ಮಾಡಿ. ಹಳೇ ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಮಾಡಿದರೆ ಆಮೇಲೆ 'ನಿಟ್ಟುಸಿರು' ಹುಡುಕೋದೂ ಕಷ್ಟ, ಬೇರೆಯವರಿಗೆ ಕಳಿಸೋದೂ ಕಷ್ಟ. ಪ್ರಕಾಶಕರಿಗೆ ಎರಡು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ ಕಳಿಸಿ, ಮೂರು ನಾಲ್ಕು ತಿಂಗಳು ಕಾಯಿರಿ. ನೀವೇ ಅಚ್ಚು ಹಾಕಿಸಿದರೆ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ದುಡ್ಡು ಕೊಡಬೇಡಿ, ನಮ್ಮ ದೇಶದಲ್ಲಿ ಅದು ಉಚಿತ. ಒಟ್ಟು ಪುಟಗಳು 16ರಿಂದ ಭಾಗವಾಗೋ ಹಾಗೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಖಾಲಿ ಹಾಳೆ ಉಳಿಯುತ್ತೆ. ಡಿಟಿಪಿಯವರು ಬಹಳಷ್ಟು ಜನ ಯೂನಿಕೋಡನ್ನ ಮತ್ತೆ ತಮ್ಮ ಫಾಂಟಿಗೆ ಬದಲಾಯಿಸಿಕೊಳ್ತಾರೆ, ಆಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಎರಡು ಪ್ರೂಫ್ ಕಥೆಗಾಗಿ ಓದಿ. ಮೂರನೆಯದರಲ್ಲಿ ಕಥೆ ಓದಬೇಡಿ, ಸಾಲಿನ ಕೆಳಗೆ ಸ್ಕೇಲ್ ಇಟ್ಟು ಅಕ್ಷರ ಮಾತ್ರ ನೋಡಿ.