ಬಾಂಬು ಸಿಡಿಯಲಿಲ್ಲ, ಮತ್ತೆ ಶಿಕ್ಷೆ ಯಾಕೆ?

ಪ್ರಶ್ನೆ: 2005ರ ಜುಲೈ 21ರಂದು ಲಂಡನ್ನಿನ ಮೂರು ಸುರಂಗ ರೈಲು, ಒಂದು ಬಸ್ಸಿನಲ್ಲಿ ಬಾಂಬು ಸಿಡಿಸಲು ಹೋಗಿ ಸೋತವರಿಗೆ, ಯಾರೂ ಸಾಯದಿದ್ದರೂ ಜೀವಾವಧಿ ಶಿಕ್ಷೆ ಆಯಿತಂತೆ. ಅತಿ ಆಗಲಿಲ್ಲವೇ? ನಮ್ಮಲ್ಲಾದರೆ?
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ‘ಸಿಡಿದಿಲ್ಲಲ್ರೀ, ಮತ್ತ್ಯಾಕ ಕೇಸು?’ ಎಂಬ ಈ ಮಾತು ವೇಷ ಬದಲಿಸಿ ಬರುತ್ತಲೇ ಇದೆ. ಆ ಲಂಡನ್ ಕೇಸಿನ ಆರೋಪಿಗಳಾದ ಮುಖ್ತಾರ್ ಸಯೀದ್ ಇಬ್ರಾಹಿಂ ಮತ್ತು ಇನ್ನೂ ಮೂವರು ನ್ಯಾಯಾಲಯದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಇರಾಕ್ ಯುದ್ಧ ವಿರೋಧಿಸಲು ಸುಮ್ಮನೆ ಹೆದರಿಸಿದೆವು, ಸಿಡಿಯದಂತೆ ನಾವೇ ಮಾಡಿದ್ದೆವು ಎಂದು. ಜ್ಯೂರಿ ನಂಬಲಿಲ್ಲ. ಡಿಟೊನೇಟರುಗಳು (ಮುಖ್ಯ ಮದ್ದಿಗೆ ಕಿಡಿ ಕೊಡುವ ಸಣ್ಣ ಸಿಡಿತಲೆಗಳು) ಸಿಡಿದಿದ್ದವು, ಮುಖ್ಯ ಮದ್ದು ಮಾತ್ರ ಹೊತ್ತಲಿಲ್ಲ. ಜನ ಉಳಿದದ್ದು ಇವರ ಕರುಣೆಯಿಂದಲ್ಲ. ಕೊಲೆಯ ಒಳಸಂಚು ಸಾಬೀತಾಗಿ 2007ರ ಜುಲೈನಲ್ಲಿ ಜೀವಾವಧಿ, ಕನಿಷ್ಠ 40 ವರ್ಷ ಜೈಲು ಎಂದು ತೀರ್ಪಾಯಿತು. ಅತಿ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ನಮ್ಮಲ್ಲಿ ಗೊಂದಲ ಹುಟ್ಟುವುದು ಕೊಲೆ ಯತ್ನದ ಕಲಮಿನಿಂದ. ಭಾರತೀಯ ನ್ಯಾಯ ಸಂಹಿತೆಯ 109ರಲ್ಲಿ (ಹಳೆಯ ದಂಡ ಸಂಹಿತೆಯ 307) ಯಾರಿಗೂ ಗಾಯವಾಗದಿದ್ದರೆ 10 ವರ್ಷದವರೆಗೆ, ಗಾಯವಾದರೆ ಜೀವಾವಧಿಯವರೆಗೆ ಶಿಕ್ಷೆ. ಇದೊಂದನ್ನೇ ಓದಿಕೊಂಡು ಕಟ್ಟೆ ಮೇಲೆ ಕುಳಿತು ತೀರ್ಪು ಕೊಡುವವರಿಗೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯ 4ನೇ ಕಲಂ ಗೊತ್ತಿರುವುದಿಲ್ಲ. ‘ಸ್ಫೋಟವಾಗಲಿ ಆಗದಿರಲಿ, ಹಾನಿಯಾಗಲಿ ಆಗದಿರಲಿ’ ಎಂಬ ಅರ್ಥದ ಮಾತು ಅದರಲ್ಲೇ ಇದೆ. ಶಿಕ್ಷೆ ಜೀವಾವಧಿಯವರೆಗೂ ಹೋಗುತ್ತದೆ. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) 16ನೇ ಕಲಮಿನಲ್ಲಿ, ಸಾವು ಆಗದ ಭಯೋತ್ಪಾದಕ ಕೃತ್ಯಕ್ಕೂ ಕನಿಷ್ಠ 5 ವರ್ಷ.

‘ಬರೀ ತಯಾರಿ ಆಗಿತ್ತು, ಯತ್ನ ಆಗಿರಲಿಲ್ಲ’ ಎಂಬ ವಾದ ಬೇರೆ ಕಡೆ ನಡೆಯುತ್ತದೆ. ಅಕ್ರಮವಾಗಿ ಪಂಜಾಬಿನಿಂದ ಹೊರಟ 75 ಚೀಲ ಭತ್ತದ ಲಾರಿ ರಾಜ್ಯದ ಗಡಿ ದಾಟುವ ಮೊದಲೇ ಸಮಾಲ್ಖಾ ತಪಾಸಣಾ ನಾಕೆಯಲ್ಲಿ ಸಿಕ್ಕಾಗ, ಮನಸ್ಸು ಬದಲಿಸಿ ವಾಪಸ್ ಹೋಗಬಹುದಿತ್ತು ಎಂದು ಸುಪ್ರೀಂ ಕೋರ್ಟ್ ಬಿಟ್ಟಿತು. ಬಾಂಬಿಗೆ ಆ ಸವಲತ್ತಿಲ್ಲ. ಸಿಡಿಸುವ ಉದ್ದೇಶದಿಂದ ಮಾಡಿದರೂ ಇಟ್ಟುಕೊಂಡರೂ ಅದೇ 4ನೇ ಕಲಂ.

ಇಷ್ಟಿದ್ದೂ ಕೇಸು ಬಿದ್ದುಹೋಗುವುದು ಕಾಗದಪತ್ರದ ಲೋಪದಲ್ಲಿ. ಈ ಕಾಯ್ದೆಯ 7ನೇ ಕಲಮಿನ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಒಪ್ಪಿಗೆ ಇಲ್ಲದೆ ವಿಚಾರಣೆ ಮುಂದೆ ಹೋಗುವಂತಿಲ್ಲ. ಜಪ್ತಿ ಮಾಡಿದ ಪೊಟ್ಟಣದ ಅರಗಿನ ಮೊಹರಿಗೂ ಪ್ರಯೋಗಾಲಯಕ್ಕೆ ಕಳಿಸಿದ ಮಾದರಿ ಮೊಹರಿಗೂ ತಾಳೆ ಆಗದಿದ್ದರೆ, ಆರೋಪಿ ಪರ ವಕೀಲರಿಗೆ ಅಷ್ಟೇ ಸಾಕು. ಆಮೇಲೆ ಪಂಚರು, ಅಂದರೆ ಜಪ್ತಿಗೆ ಸಾಕ್ಷಿ ನಿಲ್ಲುವವರು. ಖಾಲಿ ಹಾಳೆಗೆ ಸಹಿ ಹಾಕಿ, ಕಟಕಟೆಯಲ್ಲಿ ‘ನಾ ಏನೂ ನೋಡಿಲ್ರೀ’ ಅನ್ನುವವರು. ಪಂಚರಾಗಿ ಕರೆದರೆ ಹೋಗಿ, ಎದುರಿಗೇ ಮೊಹರು ಹಾಕಿಸಿ, ಓದಿ ಸಹಿ ಮಾಡಿ. ಈಗ ನಾಗರಿಕ ಸುರಕ್ಷಾ ಸಂಹಿತೆಯ 105ರಂತೆ ಜಪ್ತಿಯ ವಿಡಿಯೊ ಕಡ್ಡಾಯ, ಮಾಡದಿದ್ದರೆ ಕೇಳಿ.

ಪ್ರಶ್ನೆ: ಜೀವಾವಧಿ ಅಂದರೆ 14 ವರ್ಷ, ಹಗಲು-ರಾತ್ರಿ ಬೇರೆ ಎಣಿಸಿದರೆ 7 ಅಲ್ಲವೇ? (ಗದಗ)

ಉತ್ತರ: ಅಲ್ಲ. ಸಾಯುವವರೆಗೆ. ಹಗಲು-ರಾತ್ರಿಯ ಲೆಕ್ಕ ಶುದ್ಧ ಸುಳ್ಳು.

ಪ್ರಶ್ನೆ: ಇಂಥವರ ಪರ ವಕೀಲರು ನಿಲ್ಲಬಾರದೆಂದು ಸಂಘ ಠರಾವು ಮಾಡಬಹುದೇ? (ಹಾವೇರಿ)

ಉತ್ತರ: ಬರುವುದಿಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಅಂಥ ಠರಾವು ಅನೂರ್ಜಿತ ಎಂದಿದೆ.

ಪ್ರಶ್ನೆ: ರೈಲಿನಲ್ಲಿ ವಾರಸುದಾರರಿಲ್ಲದ ಬ್ಯಾಗು ಕಂಡರೆ ತೆಗೆದು ನೋಡಬಹುದೇ? (ಧಾರವಾಡ)

ಉತ್ತರ: 2019ರ ಅಕ್ಟೋಬರಿನಲ್ಲಿ ಹುಬ್ಬಳ್ಳಿ ನಿಲ್ದಾಣದಲ್ಲೇ, ಸಿಕ್ಕ ಡಬ್ಬಿ ತೆರೆಯಲು ಹೋದವರ ಕೈಗೆ ಗಾಯವಾಯಿತು. ಮುಟ್ಟಬೇಡಿ, ನೀರು ಸುರಿಯಬೇಡಿ. ದೂರ ಸರಿದು 139ಕ್ಕೆ, ಬಸ್ಸಾದರೆ 112ಕ್ಕೆ ಕರೆ ಮಾಡಿ, ಬೋಗಿ ಸಂಖ್ಯೆ ಹೇಳಿ.