ಸಂಪಾದಕರ ಉತ್ತರ: ಮೇಲ್ ಬರುತ್ತೆ, ಹೋಗಲ್ಲ ಯಾಕೆ?

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರು ಕೇಳಿದ್ದಾರೆ: "ಅಂಗಡಿ ಕಂಪ್ಯೂಟರಿನ್ಯಾಗ ಥಂಡರ್‌ಬರ್ಡ್ ಅದ, ಜಿಮೇಲ್ ಖಾತೆ. ಮೇಲ್ ಬರ್ತಾವ, ಹೋಗಂಗಿಲ್ಲ. ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ 535 ಅಂತ ತೋರಸ್ತದ. ರಿಪೇರಿಯವರು ಫಾರ್ಮ್ಯಾಟ್ ಮಾಡೋಣ ಅಂತಾರ. ತೊಗರಿ ಖರೀದಿದಾರರಿಗೆ ಬಿಲ್ ಕಳಿಸೋದು ನಿಂತದ. ಏನ್ ಮಾಡ್ಲಿ?"

ಮೊದಲು, ಫಾರ್ಮ್ಯಾಟ್ ಮಾಡಿಸಬೇಡಿ. ಥಂಡರ್‌ಬರ್ಡ್, ಅಂದರೆ ಮೇಲ್ ತರಿಸುವ-ಕಳಿಸುವ ಆ ಪ್ರೋಗ್ರಾಂ, ತೆಗೆದು ಮತ್ತೆ ಹಾಕುವುದೂ ಬೇಡ. ನಿಮ್ಮ ಖಾತೆ ಪಾಪ್ ಬಗೆಯದಾಗಿದ್ದರೆ (ಮೇಲ್‌ಗಳನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವ ಬಗೆ) ಹಳೇ ಮೇಲ್‌ಗಳು ಆ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರಬಹುದು. ವರ್ಷಗಳ ಬಿಲ್ಲು, ದರದ ಮಾತುಕತೆ ಎಲ್ಲ ಹೋಗಿಬಿಟ್ಟರೆ ಯಾರು ತಂದುಕೊಡುತ್ತಾರೆ?

ಮೇಲ್ ತರಿಸಿಕೊಳ್ಳುವ ಸರ್ವರ್ ಬೇರೆ, ಕಳಿಸುವ ಸರ್ವರ್ ಬೇರೆ. ಬರುವುದು ಐಮ್ಯಾಪ್ ಅಥವಾ ಪಾಪ್ ಮೂಲಕ, ಹೋಗುವುದು ಎಸ್‌ಎಂಟಿಪಿ ಮೂಲಕ. ಒಂದು ಕಡೆ ಸೆಟ್ಟಿಂಗ್ ಬದಲಿಸಿದರೆ ಇನ್ನೊಂದು ಕಡೆ ತಾನಾಗಿ ಬದಲಾಗುವುದಿಲ್ಲ. ನಿಮ್ಮಲ್ಲಿ ಆಗಿರುವುದು ಇದೇ ಅಂತ ನನಗೆ ಅನಿಸುತ್ತದೆ.

ನೀವು 535 ಅಂತ ನಂಬರ್ ಬರೆದಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಮೇಲ್ ಸರ್ವರ್ ಬಾಗಿಲ ತನಕ ಹೋಗಿದೆ, ಆದರೆ ಹೆಸರು-ಪಾಸ್‌ವರ್ಡ್ ಒಪ್ಪಲಿಲ್ಲ ಅಂತ ಅದರ ಅರ್ಥ. ಅಂದರೆ ನೆಟ್ ಸರಿ ಇದೆ. 2022ರ ಮೇ 30ರಿಂದ ಗೂಗಲ್, ಬರೀ ಪಾಸ್‌ವರ್ಡ್ ಹಾಕಿ ಒಳಗೆ ಬರುವ ಮೇಲ್ ಪ್ರೋಗ್ರಾಂಗಳನ್ನು ತಡೆಯತೊಡಗಿತು. ಯಾರೋ ಬರುವ ಕಡೆ ಸರಿಮಾಡಿಕೊಟ್ಟಿದ್ದಾರೆ, ಹೋಗುವ ಕಡೆ ಹಾಗೇ ಬಿಟ್ಟಿದ್ದಾರೆ.

ಅಕೌಂಟ್ ಸೆಟ್ಟಿಂಗ್ಸ್ ತೆರೆಯಿರಿ. ಎಡಗಡೆ ಪಟ್ಟಿಯ ಕೆಳಗೆ 'ಔಟ್‌ಗೋಯಿಂಗ್ ಸರ್ವರ್' ಅಂತ ಇರುತ್ತದೆ. ಸುಮಾರು ಜನ ಅಷ್ಟು ಕೆಳಗೆ ನೋಡುವುದೇ ಇಲ್ಲ. ಅಲ್ಲಿ ಜಿಮೇಲ್ ಸಾಲು ಆರಿಸಿ 'ಎಡಿಟ್' ಒತ್ತಿ. ಪೋರ್ಟ್ 465 ಇದ್ದರೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಇದ್ದರೆ ಸ್ಟಾರ್ಟ್‌ಟಿಎಲ್‌ಎಸ್ ಇರಬೇಕು, ಅದಲುಬದಲಾದರೆ ನಡೆಯುವುದಿಲ್ಲ. ಯೂಸರ್ ನೇಮ್ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಇರಲಿ. 'ಆಥೆಂಟಿಕೇಶನ್ ಮೆಥಡ್' ಎದುರು 'ನಾರ್ಮಲ್ ಪಾಸ್‌ವರ್ಡ್' ಇದ್ದರೆ ತೆಗೆದು 'ಓಆಥ್2' ಮಾಡಿ, ಅಂದರೆ ಗೂಗಲ್‌ನ ಕಿಟಕಿಯಲ್ಲೇ ಲಾಗಿನ್ ಆಗುವ ವಿಧಾನ. ಆಮೇಲೆ ನಿಮಗೆ ನೀವೇ ಒಂದು ಮೇಲ್ ಕಳಿಸಿ. ಗೂಗಲ್‌ನ ಕಿಟಕಿ ತೆರೆದುಕೊಳ್ಳುತ್ತದೆ, ಅಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಡಿ. ಲಾಗಿನ್ ಮುಂದೆ ಹೋಗದಿದ್ದರೆ ಥಂಡರ್‌ಬರ್ಡ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಕುಕೀಸ್ ಬಂದ್ ಆಗಿದೆಯಾ ನೋಡಿ. ಖಾತೆ ಮಾಲೀಕರ ಮೊಬೈಲ್ ನಂಬರಿಗೆ ಜೋಡಿಸಿದ್ದರೆ, ಅವರು ಗಾದಿ ಮೇಲೆ ಕೂತಿರುವ ಹೊತ್ತಲ್ಲೇ ಈ ಕೆಲಸ ಮಾಡಿ. ಫೋನಿಗೆ ಬರುವ ಒಪ್ಪಿಗೆಯನ್ನು ಅವರೇ ಒತ್ತಬೇಕು.

ಮುಂದೆ ಬೇರೆ ತೊಂದರೆ ಬಂದರೂ ಗಾಬರಿ ಬೇಡ. 'ಟೈಮ್ಡ್ ಔಟ್' ಅಂತ ಬಂದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕಳಿಸಿ ನೋಡಿ. ಆಗ ಹೋದರೆ ಅಂಗಡಿಯ ನೆಟ್ ಕಡೆಯೇ ತಡೆ ಇದೆ. ಕಾಟಾ ಚೀಟಿಗಳ ಸ್ಕ್ಯಾನ್ ಜಾಸ್ತಿ ಸೇರಿಸುತ್ತೀರಾ? ಜಿಮೇಲ್ ಮಿತಿ 25 ಎಂಬಿ. ಆದರೆ ಹೋಗುವಾಗ ಫೈಲ್ ಮೂರನೇ ಒಂದು ಪಾಲು ಹಿಗ್ಗುತ್ತದೆ, ಹಾಗಾಗಿ 18 ಎಂಬಿ ಒಳಗೇ ಇಟ್ಟುಕೊಳ್ಳಿ.

ಇನ್ನೊಂದು ಸಂದೇಶವನ್ನು ಮಾತ್ರ ನಿಧಾನವಾಗಿ ಓದಿ. ಕೆಲವೊಮ್ಮೆ ಮೇಲ್ ಹೋಗಿರುತ್ತದೆ, ಅದರ ನಕಲು 'ಸೆಂಟ್' ಫೋಲ್ಡರಿಗೆ ಸೇರಿರುವುದಿಲ್ಲ, ಅಷ್ಟೇ. ಅದನ್ನೂ ದೋಷದ ಹಾಗೆಯೇ ತೋರಿಸುತ್ತದೆ. ನಮ್ಮ ಕಚೇರಿಯಲ್ಲಿ ಇದನ್ನು ಓದದೆ ಒಂದೇ ಜಾಹೀರಾತಿನ ಬಿಲ್ ಎರಡು ಸಲ ಹೋಗಿ, ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಇಷ್ಟು ಮಾಡಿಯೂ ಹೋಗದಿದ್ದರೆ ದೋಷದ ಸಂದೇಶ ಬರುವ ಪೆಟ್ಟಿಗೆಯ ಫೋಟೋ ತೆಗೆದು ಕಳಿಸಿ. ನಂಬರಿನ ಜೊತೆ ಪೂರ್ತಿ ಸಾಲು ಕಾಣುವ ಹಾಗಿರಲಿ. ಪಾಸ್‌ವರ್ಡ್ ಮಾತ್ರ ನಮಗೂ ಬರೆಯಬೇಡಿ.