ಸಿ797ಎಸ್‌ಗೆ ಅಣು ಹುಡುಕುವ ಮುನ್ನ

ಗೋಣಿಕೊಪ್ಪದ ಮನೆಯಲ್ಲಿ ಲ್ಯಾಪ್‌ಟಾಪ್, ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಅಂತ ಲೆಕ್ಕ ಹಾಕುವ ಉಚಿತ ಡಾಕಿಂಗ್ ಸಾಫ್ಟ್‌ವೇರ್, ಶ್ವಾಸಕೋಶದ ಕ್ಯಾನ್ಸರ್ ಮಾತ್ರೆ ಒಸಿಮರ್ಟಿನಿಬ್‌ಗೂ ಬಗ್ಗದ ಮೂರು ರೂಪಾಂತರಗಳ ಇಜಿಎಫ್‌ಆರ್ (ಜೀವಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಪ್ರೋಟೀನ್), ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ ಅಂತ ಮೈನಸ್ ಹನ್ನೊಂದು ಸ್ಕೋರ್ ಪಡೆದ ನಿಮ್ಮದೇ ಒಂದು ಅಣು. ಈಗ ಜೀವಕೋಶದ ಶಕ್ತಿಯ ಅಣು ಎಟಿಪಿ ಆ ಪ್ರೋಟೀನಿನಲ್ಲಿ ಕೂರುವ ಜಾಗಕ್ಕೇ ಗುರಿ ಇಡಲೋ, ಅದರಿಂದ ಬೇರೆಯಾದ ಅಲೋಸ್ಟೆರಿಕ್ ಜಾಗಕ್ಕೋ ಅಂತ ಕೇಳಿದ್ದೀರಿ. ನನ್ನದು ಸೋಮವಾರಪೇಟೆ ಕಡೆ. ನಾನು ಪಿಎಚ್‌ಡಿಗೆ ಸೇರಿದಾಗ ಆ ಮೂರರಲ್ಲಿ ಕೊನೆಯದಾದ ಸಿ797ಎಸ್ ಹೆಸರೇ ಕೇಳಿರಲಿಲ್ಲ, ಅದಕ್ಕೂ ಮುಂಚಿನ ರೂಪಾಂತರ ಟಿ790ಎಂ ಒಂದೇ ಎಲ್ಲರ ತಲೆನೋವು. ಉಳಿದದ್ದೆಲ್ಲ ಅಕ್ಷರಶಃ ನಿಮ್ಮ ಕಥೆಯೇ.

ನಮ್ಮ ದೊಡ್ಡಮ್ಮ ಬೀಡಿ ಸಿಗರೇಟಿನ ಹತ್ತಿರ ಸುಳಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂತು. ಇಜಿಎಫ್‌ಆರ್ ತಡೆಯುವ ಮೊದಲ ತಲೆಮಾರಿನ ಜೆಫಿಟಿನಿಬ್ ಮಾತ್ರೆ ಶುರುವಾಗಿ ಕೆಲವೇ ವಾರಗಳಲ್ಲಿ ಕೆಮ್ಮು ನಿಂತು, ಕಣದಲ್ಲಿ ಕಾಫಿ ಹರಡಲು ತಾವೇ ಇಳಿದರು. ವರ್ಷ ಕಳೆಯುವಷ್ಟರಲ್ಲಿ ಗಡ್ಡೆ ಮತ್ತೆ ಬೆಳೆಯಿತು, ಅದೇ ಮಾತ್ರೆ ಏನೂ ಮಾಡಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಟಿ790ಎಂ. ಇಜಿಎಫ್‌ಆರ್ ಪ್ರೋಟೀನಿನ 790ನೇ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಹೋಗಿ ಮೆಥಿಯೋನಿನ್ ಬರುತ್ತದೆ, ಅಷ್ಟೇ. ಮೊದಲ ತಲೆಮಾರಿನ ಮಾತ್ರೆ ಕೆಲಸ ನಿಲ್ಲಿಸಿದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕಾಣುವುದು ಇದೇ.

2005ರಲ್ಲಿ ಇದು ಮೊದಲು ವರದಿಯಾದಾಗ ಎಲ್ಲರೂ ಅಂದುಕೊಂಡದ್ದು, ಮೆಥಿಯೋನಿನ್ ದಪ್ಪ, ಔಷಧಿಗೆ ಜಾಗ ಬಿಡುತ್ತಿಲ್ಲ ಅಂತ. ನಾನೂ ಅದನ್ನೇ ನಂಬಿದೆ. ಆ ದಪ್ಪ ಗುಂಪನ್ನು ಸುತ್ತಿಕೊಂಡು ಹೋಗುವ ತೆಳ್ಳನೆಯ ಅಣುಗಳನ್ನು ಬಿಡಿಸಿದೆ, ಡಾಕಿಂಗ್‌ನಲ್ಲಿ ಒಂದಕ್ಕಿಂತ ಒಂದು ಚೆನ್ನಾಗಿ ಕೂತವು. ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವೀಗ ಸರಿಯಾಗಿ ಅದರ ಬಾಗಿಲಲ್ಲೇ ನಿಂತಿದ್ದೀರಿ.

ನಾನು ಡಾಕಿಂಗ್‌ಗೆ ಇಳಿಸಿಕೊಂಡ ಟಿ790ಎಂ ರಚನೆ ಬಾಸ್ಟನ್ನಿನ ಮೈಕೆಲ್ ಎಕ್ ಅವರ ಗುಂಪು 2008ರಲ್ಲಿ ಪ್ರಕಟಿಸಿದ್ದು. ರಚನೆ ತೆಗೆದುಕೊಂಡೆ, ಚಿತ್ರಗಳನ್ನು ನೋಡಿದೆ, ಅದೇ ಲೇಖನದ ಕೋಷ್ಟಕ ಓದಲಿಲ್ಲ. ಉತ್ತರ ಇದ್ದದ್ದು ಕೋಷ್ಟಕದಲ್ಲಿ. ಕ್ಯಾನ್ಸರ್ ಶುರುಮಾಡುವ ಮೂಲ ರೂಪಾಂತರಗಳಲ್ಲೊಂದಾದ ಎಲ್858ಆರ್ ಒಂದೇ ಇದ್ದಾಗ ಜೆಫಿಟಿನಿಬ್ ಅಂಟುವ ಬಲ 2.4 ನ್ಯಾನೋಮೋಲಾರ್ (ಸಂಖ್ಯೆ ಸಣ್ಣದಾದಷ್ಟೂ ಹಿಡಿತ ಬಿಗಿ), ಟಿ790ಎಂ ಸೇರಿದಾಗ 10.9. ಅಂದರೆ ಔಷಧಿ ಈಗಲೂ ಚೆನ್ನಾಗಿಯೇ ಅಂಟುತ್ತದೆ! ಬದಲಾದದ್ದು ಅದೇ ಜಾಗಕ್ಕೆ ಬರುವ ಎಟಿಪಿಯ ಹಿಡಿತ. ಎಲ್858ಆರ್ ಪ್ರೋಟೀನಿಗೆ ಎಟಿಪಿಯ ಕೆಎಂ (ಇದೂ ಸಣ್ಣದಾದಷ್ಟೂ ಹಿಡಿತ ಬಿಗಿ) 148 ಮೈಕ್ರೋಮೋಲಾರ್, ಟಿ790ಎಂ ಜೊತೆಯಾದರೆ 8.4. ಎಲ್858ಆರ್‌ನಿಂದಾಗಿ ಎಟಿಪಿಯ ಹಿಡಿತ ಸಡಿಲವಾಗಿತ್ತು, ಜೆಫಿಟಿನಿಬ್ ಗೆಲ್ಲುತ್ತಿದ್ದದ್ದು ಆ ಸಡಿಲದಿಂದ. ಟಿ790ಎಂ ಬಂದು ಆ ಹಿಡಿತವನ್ನು ಮತ್ತೆ ಬಿಗಿ ಮಾಡಿತು.

ಇದನ್ನು ತಿಳಿಯದೆ ನಾನು ಕಿಣ್ವದ ಪರೀಕ್ಷೆಯನ್ನು ಕೆಲವೇ ಮೈಕ್ರೋಮೋಲಾರ್ ಎಟಿಪಿ ಹಾಕಿ ಮಾಡಿದೆ. ನಮ್ಮ ಲ್ಯಾಬಿನಲ್ಲಿ ನಡೆದು ಬಂದ ಕ್ರಮ ಅದು. ಫಲಿತಾಂಶ ಕಣ್ಣಿಗೆ ಹಬ್ಬ. ಆದರೆ ಜೀವಕೋಶದೊಳಗೆ ಎಟಿಪಿ ಇರುವುದು ಮಿಲಿಮೋಲಾರ್ ಮಟ್ಟದಲ್ಲಿ. ಒಂದು ಮಿಲಿಮೋಲಾರ್ ಅಂತಲೇ ಇಟ್ಟುಕೊಂಡು ಸಾವಿರವನ್ನು 148ರಿಂದ ಭಾಗಿಸಿ ಒಂದು ಕೂಡಿಸಿ: ಸುಮಾರು 8. ಸಾವಿರವನ್ನು 8.4ರಿಂದ ಭಾಗಿಸಿ ಒಂದು ಕೂಡಿಸಿ: ಸುಮಾರು 120. ಎಟಿಪಿ ಜೊತೆ ಜಾಗಕ್ಕೆ ಪೈಪೋಟಿ ನಡೆಸುವ ಔಷಧಿ ಜೀವಕೋಶದಲ್ಲಿ ಕಳೆದುಕೊಳ್ಳುವ ಬಲ ಅಷ್ಟು ಪಟ್ಟು. ಟಿ790ಎಂ ಇರುವ ಎಚ್1975 ಜೀವಕೋಶಗಳ ಮೇಲೆ ನನ್ನ ಅಣುಗಳನ್ನು ಹಾಕಿ, ಎಂಟಿಟಿ ಬಣ್ಣ ಕರಗಿಸಿ, 96 ಗುಂಡಿಗಳ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸತ್ತ ಜೀವಕೋಶದ ಗುಂಡಿ ಬಣ್ಣ ಕಟ್ಟುವುದಿಲ್ಲ, ಬದುಕಿದ್ದು ಕಡು ನೇರಳೆ. ಈ ತುದಿಯಿಂದ ಆ ತುದಿವರೆಗೆ ನೇರಳೆ. ಅತಿ ಹೆಚ್ಚು ಪ್ರಮಾಣ ಹಾಕಿದ ಸಾಲು, ಏನೂ ಹಾಕದ ಸಾಲು, ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಫೆಲೋಶಿಪ್ಪಿನ ಬಹುಪಾಲು ಅವಧಿ ಅಲ್ಲಿಗೆ ಮುಗಿದಿತ್ತು. ಒಂದು ಕೋಷ್ಟಕ ಓದಿದ್ದರೆ ಉಳಿಯುತ್ತಿತ್ತು.

ಒಸಿಮರ್ಟಿನಿಬ್ ಗೆದ್ದದ್ದು ಬೇರೆ ದಾರಿಯಲ್ಲಿ. 797ನೇ ಜಾಗದ ಸಿಸ್ಟೀನಿಗೆ ಅದು ಶಾಶ್ವತ ಬಂಧ ಹಾಕಿಕೊಳ್ಳುತ್ತದೆ, ಆಮೇಲೆ ಎಟಿಪಿ ಎಷ್ಟಿದ್ದರೂ ಕಿತ್ತೊಗೆಯಲಾರದು. ಆ ಸಿಸ್ಟೀನ್ ಹೋಗಿ ಸೀರೀನ್ ಬರುವುದೇ ಸಿ797ಎಸ್, ಆಗ ಆ ಬಂಧಕ್ಕೆ ಜಾಗವಿಲ್ಲ. ಹಾಗಂತ ಬಂಧ ಒಂದೇ ಸಾಲದು. ಅದಕ್ಕೂ ಹಿಂದಿನ ಮಾತ್ರೆ ಅಫಾಟಿನಿಬ್ ಕೂಡ ಅದೇ ಸಿಸ್ಟೀನಿಗೆ ಬಂಧ ಹಾಕುತ್ತದೆ, ಆದರೆ ಚರ್ಮದ, ಕರುಳಿನ ಸಹಜ ಇಜಿಎಫ್‌ಆರ್ ಅನ್ನೂ ಬಿಡುವುದಿಲ್ಲ. ಟಿ790ಎಂ ಮಣಿಸುವಷ್ಟು ಪ್ರಮಾಣ ಕೊಡಹೋದರೆ ರೋಗಿ ಭೇದಿಗೆ, ಚರ್ಮದ ಗುಳ್ಳೆಗಳಿಗೆ ತತ್ತರಿಸಿಹೋಗುತ್ತಾನೆ. ಒಸಿಮರ್ಟಿನಿಬ್ ರೂಪಾಂತರವನ್ನು ಹಿಡಿದು ಸಹಜವಾದುದನ್ನು ಸಾಕಷ್ಟು ಬಿಡುತ್ತದೆ. 2015ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನಮ್ಮ ದೊಡ್ಡಮ್ಮನಿಗೆ ತಡವಾಗಿತ್ತು.

ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಾವ ಜಾಗ ಅಂತ ಕೇಳುತ್ತಿದ್ದೀರಿ, ಯಾವ ರೋಗಿ ಅಂತ ಕೇಳಿಕೊಂಡಿಲ್ಲ. ಕೊಡಗಿನವರಿಗೆ ಇದನ್ನು ಹೇಳುವುದು ಸುಲಭ. ಕಾಫಿಯ ಎಲೆ ತುಕ್ಕು ತಡೆಯಲು 1940ರ ದಶಕದಲ್ಲಿ ಬಾಳೆಹೊನ್ನೂರಿನಿಂದ ಎಸ್.795 ತಳಿ ಬಂತು. ತೋಟಗಳೆಲ್ಲ ಅದೇ ತಳಿಯಾದ ಮೇಲೆ ಅದನ್ನೇ ಮುರಿಯುವ ಹೊಸ ತುಕ್ಕು ಬಂತು. ಯಾವ ತುಕ್ಕು ಬರುತ್ತದೆ ಅನ್ನುವುದು ಯಾವ ಗಿಡ ನೆಟ್ಟಿದ್ದೀರಿ ಅನ್ನುವುದರ ಮೇಲೆ. ಗಡ್ಡೆಯೂ ಹಾಗೆಯೇ. ಎಲ್858ಆರ್, ಟಿ790ಎಂ, ಸಿ797ಎಸ್ ಮೂರೂ ಸೇರಿದ ಪ್ರೋಟೀನ್ ಹುಟ್ಟಿದ್ದು ಮೊದಲು ಜೆಫಿಟಿನಿಬ್, ಅದು ಸೋತ ಮೇಲೆ ಒಸಿಮರ್ಟಿನಿಬ್ ಕೊಡುತ್ತಿದ್ದ ಕಾಲದಲ್ಲಿ. ಈಗ ಒಸಿಮರ್ಟಿನಿಬ್ ಮೊದಲ ಮಾತ್ರೆಯೇ ಆಗಿದೆ. ಫ್ಲೌರಾ ಪ್ರಯೋಗದಲ್ಲಿ ರೋಗ ಮತ್ತೆ ಬೆಳೆಯದೆ ಉಳಿದ ಮಧ್ಯಮ ಅವಧಿ ಹಳೆಯ ಮಾತ್ರೆಗಳಲ್ಲಿ 10.2 ತಿಂಗಳು, ಇದರಲ್ಲಿ 18.9. ಅದು ಕೈಕೊಟ್ಟ ಮೇಲೆ ರಕ್ತದ ಡಿಎನ್‌ಎ ನೋಡಿದಾಗ ಟಿ790ಎಂ ಕಾಣಲೇ ಇಲ್ಲ. ಇಜಿಎಫ್‌ಆರ್ ಬಿಟ್ಟು ಬೆಳೆಯುವ ಸೂಚನೆ ಕೊಡುವ ಇನ್ನೊಂದು ಪ್ರೋಟೀನ್ ಎಂಇಟಿಯ ಜೀನ್ ಪ್ರತಿಗಳು ಹೆಚ್ಚಿದ್ದು ಸುಮಾರು ಶೇ. 15 ಜನರಲ್ಲಿ, ಸಿ797ಎಸ್ ಸುಮಾರು ಶೇ. 7. ಟಿ790ಎಂ ಇಲ್ಲದ ಸಿ797ಎಸ್ ಆದರೆ, ಲ್ಯಾಬಿನ ಜೀವಕೋಶಗಳಲ್ಲಿ ಹಳೆಯ ಜೆಫಿಟಿನಿಬ್‌ಗೇ ಬಗ್ಗುತ್ತದೆ. ಇನ್ನು ಕೆಲವರಲ್ಲಿ ಗಡ್ಡೆ ಸಣ್ಣ ಜೀವಕೋಶದ ಕ್ಯಾನ್ಸರ್ ಆಗಿ ಬದಲಾಗಿರುತ್ತದೆ. ಅಲ್ಲಿ ಇಜಿಎಫ್‌ಆರ್ ರೂಪಾಂತರ ಹಾಗೇ ಇದ್ದರೂ ಗಡ್ಡೆ ಅದನ್ನು ನೆಚ್ಚಿಕೊಂಡಿರುವುದಿಲ್ಲ, ಯಾವ ಜಾಗಕ್ಕೆ ಯಾವ ಅಣು ಕೂರಿಸಿದರೂ ವ್ಯರ್ಥ. ಇಜಿಎಫ್‌ಆರ್, ಎಂಇಟಿ ಎರಡನ್ನೂ ಒಟ್ಟಿಗೆ ಹಿಡಿಯುವ ಅಮಿವಾಂಟಾಮಾಬ್ ಥರದ ಪ್ರತಿಕಾಯಗಳ ಕಡೆ ವೈದ್ಯರು ಹೊರಳಿರುವುದು ಎಂಇಟಿ ಹೀಗೆ ಹೆಚ್ಚುವುದಕ್ಕೇ.

ಅಲೋಸ್ಟೆರಿಕ್ ಜಾಗದ ಬಗ್ಗೆ ಕೇಳಿದ್ದೀರಲ್ಲ. 2016ರಲ್ಲಿ ಬಂದ ಅಂಥ ಅಣು ಇಎಐ045 ಒಂಟಿಯಾಗಿ ಕೆಲಸ ಮಾಡಲಿಲ್ಲ, ಇಜಿಎಫ್‌ಆರ್‌ಗೆ ಅಂಟುವ ಪ್ರತಿಕಾಯ ಸೆಟುಕ್ಸಿಮಾಬ್ ಜೊತೆ ಬೇಕಾಯಿತು. ಅದೂ ಎಲ್858ಆರ್ ಇದ್ದರೆ ಮಾತ್ರ. ಎಲ್858ಆರ್ ಬದಲು ಇಜಿಎಫ್‌ಆರ್ ಜೀನಿನ ಎಕ್ಸಾನ್ 19 ಎಂಬ ತುಂಡಿನಲ್ಲಿ ಒಂದು ಭಾಗ ಅಳಿದುಹೋದ ರೋಗಿಗಳೇ ಹೆಚ್ಚು, ಅವರಿಗೆ ಅದು ಉಪಯೋಗವಿಲ್ಲ. ಸೊಗಸಾದ ವಿಜ್ಞಾನ, ಆದರೂ ಪಿಎಚ್‌ಡಿಗೆ ನಾನು ಹಿಡಿಯಲಾರೆ. ನಿಮ್ಮ ಜಾಗದಲ್ಲಿದ್ದರೆ ಎಂಇಟಿ ಹೆಚ್ಚಿದ ಜೀವಕೋಶಗಳ ಕಡೆ ಹೋಗುತ್ತಿದ್ದೆ.

ನಿಮ್ಮ ಅಣುವನ್ನೇ ಮುಂದುವರಿಸುತ್ತೀರಾದರೆ ಸ್ಕೋರನ್ನು ಯಾರಿಗೂ ತೋರಿಸಬೇಡಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅದನ್ನು ತಯಾರಿಸಿ ಕೊಡುವ ರಸಾಯನಶಾಸ್ತ್ರಜ್ಞರನ್ನು ಹುಡುಕಿ, ಗೋಣಿಕೊಪ್ಪದಲ್ಲಿ ಕೂತು ಆಗುವ ಕೆಲಸ ಮುಗಿದಿದೆ. ಮೊದಲ ಪರೀಕ್ಷೆಯೇ ಒಂದು ಮಿಲಿಮೋಲಾರ್ ಎಟಿಪಿಯಲ್ಲಿ ಆಗಲಿ. ಅದೇ ವಾರ ಸಹಜ ಇಜಿಎಫ್‌ಆರ್ ಇರುವ ಎ431 ಜೀವಕೋಶಗಳ ಮೇಲೂ ಹಾಕಿಸಿ, ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಮತ್ತೆ, ಪ್ರಶ್ನೆಯ ಕೆಳಗೆ ಅಣುವಿನ ಪೂರ್ತಿ ಚಿತ್ರ ಹಾಕಿದ್ದೀರಿ, ಈಗಲೇ ತೆಗೆಯಿರಿ. ಅರ್ಜಿ ಹಾಕುವ ಮುಂಚೆ ಬಹಿರಂಗವಾದದ್ದಕ್ಕೆ ಪೇಟೆಂಟ್ ಸಿಗುವುದು ಕಷ್ಟ, ಪೇಟೆಂಟ್ ಇಲ್ಲದ ಅಣುವಿಗೆ ರೋಗಿಗಳ ಮೇಲಿನ ಪ್ರಯೋಗದ ಖರ್ಚು ಹಾಕಲು ಕಂಪನಿಗಳು ಮುಂದೆ ಬರುವುದಿಲ್ಲ.